ಪ್ರಳಯೋತ್ತರ ಆಟಗಳೂ ದೋರಸಮುದ್ರದ ಉತ್ತರಕಥೆಯೂ

ಪ್ರಕೃತ ವಿಮರ್ಶೆಗೆ ವಿಷಯವಾದ ಕೃತಿ ಇನ್ನೂ ಹೊರಬಂದಿಲ್ಲ. ಇದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಗ್ರಂಥವು ಅಚ್ಚಾಗುವುದಕ್ಕೆ ಮುಂಚೆಯೇ ಅದರ ಗುಣದೋಷಗಳನ್ನು ಹೇಳಹೊರಡುವವನನ್ನು ಲೋಕವು ಜ್ಯೋತಿಷಿಯೆನ್ನುವುದೇ ಹೊರತು ವಿಮರ್ಶಕನೆನ್ನುವುದಿಲ್ಲ. ಆದರೆ ವಿಡಿಯೊ ಆಟಗಳ ಪ್ರಪಂಚದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ಕೃತಿಗಿಂತ ಕೃತಿಯ ನಿರೀಕ್ಷೆಯೇ ಹೆಚ್ಚು ಕಾಲ ಬಾಳುತ್ತದೆ. ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಆರನೆಯ ಆಟವನ್ನು 2018ರಲ್ಲಿ ಘೋಷಿಸಿದರು. ಅದು ಮುಗಿದ ಮೇಲೆ ‘ಫಾಲ್‌ಔಟ್’ ಸರಣಿಯ ಐದನೆಯದನ್ನು ಕೈಗೆತ್ತಿಕೊಳ್ಳುವುದಾಗಿ ಅವರ ನಿರ್ದೇಶಕರಾದ ಟಾಡ್ ಹೊವಾರ್ಡ್ ಅವರು 2022ರಲ್ಲಿ ತಿಳಿಸಿದರು. ಹೀಗೆ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿರುವ ಈ ಆಟಕ್ಕಾಗಿ ಕಾದಿರುವವರು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿಯೂ ಉಂಟು. ಬರಲಿರುವುದನ್ನು ಅಳೆಯುವ ಅಳತೆಗೋಲು ಯಾವುದೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆ ಅಳತೆಗೋಲು ನಮಗೆ ಅಮೆರಿಕದಲ್ಲಿ ದೊರೆಯದೆ, ಬೇಲೂರು ಹಳೇಬೀಡುಗಳ ನಡುವಣ 16 ಕಿಲೋಮೀಟರಿನ ದಾರಿಯಲ್ಲಿ ದೊರೆಯಿತೆಂಬುದನ್ನು ಮುಂದೆ ತೋರಿಸುತ್ತೇವೆ.

ಆಟದ ಜಾತಿಯನ್ನು ಕುರಿತು ಎರಡು ಮಾತು. ಪಾತ್ರಧಾರಣೆಯ ಆಟವೆಂದರೆ ಆಡುವವನು ಒಂದು ಪಾತ್ರವನ್ನು ವಹಿಸಿ, ಅದರ ಶಕ್ತಿಸಾಮರ್ಥ್ಯಗಳನ್ನು ತಾನೇ ಗೊತ್ತುಮಾಡಿಕೊಂಡು, ಕಥೆಯು ತಂದೊಡ್ಡುವ ಸಂದರ್ಭಗಳಲ್ಲಿ ತಾನೇ ತೀರ್ಮಾನಮಾಡುತ್ತ ಸಾಗುವ ಆಟ. ನಾಟಕದ ನಟನಿಗೆ ತನ್ನ ಮಾತು ಮೊದಲೇ ಗೊತ್ತು. ಇಲ್ಲಿ ಹಲವು ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆರಿಸಿದುದರ ಫಲವನ್ನು ಉಣ್ಣಬೇಕು. ಇವುಗಳಲ್ಲಿ ಪ್ರಳಯೋತ್ತರವೆಂದು ಕರೆಯಬಹುದಾದ ಒಂದು ಪ್ರಭೇದವುಂಟು. ಪರಮಾಣು ಯುದ್ಧವೋ ಮತ್ತಾವ ಉತ್ಪಾತವೋ ಸಂಭವಿಸಿ ನಾಗರಿಕತೆಯು ಅಳಿದುಹೋಗಿದೆ. ಉಳಿದವರು ಹೇಗೆ ಬಾಳುತ್ತಾರೆ ಎಂಬುದೇ ಅಲ್ಲಿನ ವಸ್ತು. ಇಂಟರ್‌ಪ್ಲೇ ಎಂಬ ಸಂಸ್ಥೆ ಸಿದ್ಧಪಡಿಸಿ 1988ರಲ್ಲಿ ಹೊರಬಂದ ‘ವೇಸ್ಟ್‌ಲ್ಯಾಂಡ್’ ಈ ಪ್ರಭೇದದ ಹಿರಿಯಣ್ಣ. ಅದೇ ಸಂಸ್ಥೆ 1997ರಲ್ಲಿ ಹೊರತಂದ ‘ಫಾಲ್‌ಔಟ್’ ಇದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟಿತು.

ಫಾಲ್‌ಔಟಿನ ನಿರ್ಮಾಣದ ಕಥೆಯಲ್ಲಿ ಒಂದು ಘಟನೆ ವಿಚಾರಾರ್ಹವಾದುದು. ಟಿಮ್ ಕೇನ್ ಎಂಬವರು 1994ರಲ್ಲಿ ಬಹುಮಟ್ಟಿಗೆ ಒಬ್ಬರೇ ಆರಂಭಿಸಿದ ಈ ಕೆಲಸವು, ಕಾಗದದ ಮೇಲೆ ಆಡುವ ‘ಗರ್ಪ್ಸ್’ ಎಂಬ ಪಾತ್ರಧಾರಣೆಯ ಆಟದ ನಿಯಮಗಳನ್ನು ಆಧರಿಸಿತ್ತು. ಆ ನಿಯಮಗಳ ಒಡೆಯರೊಡನೆ ಇದ್ದ ಒಪ್ಪಂದವು 1997ರಲ್ಲಿ ಮುರಿದುಬಿದ್ದಿತು. ಆಗ ತಂಡದವರು ಅಲ್ಪಾವಧಿಯಲ್ಲಿ ತಮ್ಮದೇ ಆದ ಪದ್ಧತಿಯನ್ನು ಹೊಸದಾಗಿ ಕಟ್ಟಿಕೊಂಡರು. ಬಲ, ಗ್ರಹಣಶಕ್ತಿ, ತಾಳಿಕೆ, ಆಕರ್ಷಣೆ, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳಿಗೆ ಅಂಕಗಳನ್ನು ಹಂಚಿ ಪಾತ್ರವನ್ನು ರೂಪಿಸುವ ಈ ಕ್ರಮವೇ ಇಡೀ ಸರಣಿಯ ಲಕ್ಷಣವಾಗಿ ನಿಂತಿತು. ಅವಸರದಲ್ಲಿ ಕಟ್ಟಿದುದು ಶಾಶ್ವತವಾಗಿ ನಿಂತ ಉದಾಹರಣೆಗಳು ಶಿಲ್ಪದ ಚರಿತ್ರೆಯಲ್ಲಿಯೂ ಇಲ್ಲದಿಲ್ಲ. ಆದರೆ ಈ ಏಳು ಗುಣಗಳೂ ಒಬ್ಬನ ಮೈಮನಗಳಿಗೆ ಸೇರಿದವು. ಅವನು ಯಾವ ಊರಿನವನು, ಯಾರ ಮಾತಿಗೆ ಕಟ್ಟುಬಿದ್ದವನು, ಯಾರು ಅವನ ಮಾತನ್ನು ನಂಬುತ್ತಾರೆ ಎಂಬುದಕ್ಕೆ ಈ ಲೆಕ್ಕದಲ್ಲಿ ಸ್ಥಳವಿಲ್ಲ. ಈ ಕೊರತೆಯ ಫಲವನ್ನು ಮುಂದೆ ಕಾಣುವೆವು.

ಮೊದಲ ಫಾಲ್‌ಔಟಿನ ಕಥಾರಂಭವು ನೀರು. 2077ರ ಯುದ್ಧದಲ್ಲಿ ಲೋಕವು ಸುಟ್ಟುಹೋದಾಗ ಕೆಲವರು ನೆಲದಡಿಯ ವಾಲ್ಟ್ ಎಂಬ ಬೃಹತ್ ನೆಲಮಾಳಿಗೆಗಳಲ್ಲಿ ಅಡಗಿ ಬದುಕಿಕೊಂಡರು. 2161ರಲ್ಲಿ, ಎಂದರೆ 84 ವರ್ಷಗಳ ತರುವಾಯ, ಹದಿಮೂರನೆಯ ವಾಲ್ಟಿನಲ್ಲಿ ನೀರನ್ನು ಶುದ್ಧಿಮಾಡುವ ಯಂತ್ರದ ಒಂದು ಬಿಡಿಭಾಗವು ಕೆಟ್ಟಿತು. 150 ದಿವಸಗಳೊಳಗೆ ಹೊರಲೋಕದಿಂದ ಇನ್ನೊಂದನ್ನು ತರಬೇಕೆಂದು ನಾಯಕನನ್ನು ಕಳುಹಿಸುತ್ತಾರೆ. ಹಬ್ ಎಂಬ ಪೇಟೆಯ ನೀರಿನ ವರ್ತಕರಿಗೆ ಹಣ ಕೊಟ್ಟರೆ ಅವರು ವಾಲ್ಟಿಗೆ ನೀರು ಸಾಗಿಸುತ್ತಾರೆ, ನೂರು ದಿವಸ ಹೆಚ್ಚಿಗೆ ದೊರೆಯುತ್ತದೆ. ಆದರೆ ಆ ಸಾಗಣೆಯ ಜಾಡಿನಿಂದ ವಾಲ್ಟಿನ ನೆಲೆ ಶತ್ರುಗಳಿಗೆ ಬೇಗನೆ ತಿಳಿದುಹೋಗುತ್ತದೆ. ಕಡೆಗೆ ಆ ಬಿಡಿಭಾಗವು ನೆಕ್ರೊಪೊಲಿಸ್ ಎಂಬ ಹಾಳುನಗರದ ಅಡಿಯಲ್ಲಿ ದೊರೆಯುತ್ತದೆ. ಆ ಹಾಳಿನಲ್ಲಿಯೂ ಜನರಿದ್ದಾರೆ. ವಿಕಿರಣದಿಂದ ಬೆಂದು ವಿಕಾರರೂಪರಾದ ಅವರೂ ಅದೇ ಬಿಡಿಭಾಗದಿಂದ ನೀರು ಕುಡಿಯುತ್ತಿದ್ದಾರೆ. ಅದನ್ನು ಕಿತ್ತುಕೊಂಡು ಹೊರಟರೆ ಅವರ ನೀರು ನಿಲ್ಲುತ್ತದೆ. ಆದರೆ ಅಲ್ಲಿಯೇ ಕೆಟ್ಟುಬಿದ್ದಿರುವ ಹಳೆಯ ಪಂಪನ್ನು ದುರಸ್ತಿಮಾಡಿಕೊಟ್ಟರೆ ಎರಡು ಊರುಗಳೂ ಬದುಕುತ್ತವೆ. ಆಟವು ಇದನ್ನು ಬಲವಂತಪಡಿಸುವುದಿಲ್ಲ. ದುರಸ್ತಿಯ ಯೋಚನೆಯೇ ಬಾರದೆ ಹೊರಟುಹೋದ ಆಟಗಾರರು ಎಷ್ಟೋ ಮಂದಿ ಇರಬೇಕು. ಇಡೀ ಸರಣಿಯಲ್ಲಿ ನಾವು ಅತ್ಯಂತ ಮೆಚ್ಚುವ ಸಂದರ್ಭವಿದು. ಇಲ್ಲಿ ಕಥಾನಾಯಕನ ಸಾಹಸವು ಒಂದು ರಿಪೇರಿ.

ಈ ಪ್ರಸಂಗವನ್ನು ಕಂಡಾಗ ನಮಗೆ ಹಳೇಬೀಡಿನ ಸುತ್ತ ಹಿಂದಿನಿಂದ ಹೇಳಿಕೊಂಡು ಬಂದ ಕಥೆ ನೆನಪಿಗೆ ಬಾರದಿರಲಿಲ್ಲ. ಬಲ್ಲಾಳರಾಯನ ತಂಗಿಯ ಮಕ್ಕಳಿಬ್ಬರ ಮೇಲೆ ರಾಣಿಯು ಸುಳ್ಳು ಅಪವಾದ ಹೊರಿಸಿದಳು. ಅರಸನು ವಿಚಾರಿಸದೆ ಅವರನ್ನು ಕೊಲ್ಲಿಸಿದನು. ದುಃಖದಿಂದ ಬೀದಿಬೀದಿ ಅಲೆದ ಆ ತಾಯಿಗೆ ನೀರು ಕೊಡಕೂಡದೆಂದು ಅಪ್ಪಣೆಯಾಯಿತು. ಯಾರೂ ಕೊಡಲಿಲ್ಲ, ಕುಂಬಾರರ ಬೀದಿಯಲ್ಲಿ ಮಾತ್ರ ಒಂದು ಗುಟುಕು ದೊರೆಯಿತು. ಆಕೆ ಈ ಪಟ್ಟಣವು ಹಾಳಾಗಲಿ, ಕುಂಬಾರರ ಬೀದಿಯೊಂದು ಉಳಿಯಲಿ ಎಂದು ಶಪಿಸಿದಳು. ದೋರಸಮುದ್ರದ ಪತನಕ್ಕೆ ಕಾರಣವನ್ನು ಹುಡುಕುವವನಿಗೆ ಈ ಐತಿಹ್ಯವು ನಿಷ್ಪ್ರಯೋಜಕ, ನಿಜ. ಆದರೆ ಪ್ರಳಯವನ್ನು ಕುರಿತು ನಮ್ಮ ಜನ ಏನೆಂದುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದುರ್ಲಭ. ಕಥೆಯಲ್ಲಿ ನಾಶಕ್ಕೆ ಕಾರಣ ಆಯುಧವಲ್ಲ, ನೀರಿನ ನಿರಾಕರಣೆ. ಉಳಿವಿಗೆ ಕಾರಣ ಕೋಟೆಯಲ್ಲ, ಒಂದು ಮಡಕೆ. ಉಳಿದವರು ಅರಸುಮಕ್ಕಳೂ ದಂಡನಾಯಕರೂ ಅಲ್ಲ, ಮಣ್ಣಿನ ಕೆಲಸದವರು. ಕೆಟ್ಟ ಪಂಪನ್ನು ಸರಿಪಡಿಸುವ ಆಟಗಾರನು ತಿಳಿದೋ ತಿಳಿಯದೆಯೋ ಕುಂಬಾರರ ಬೀದಿಯ ಪಕ್ಷವನ್ನು ಹಿಡಿದಿದ್ದಾನೆ.

ಇನ್ನು ಐತಿಹ್ಯವನ್ನು ಬಿಟ್ಟು ಚರಿತ್ರೆಗೆ ಬರೋಣ. ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರಕ್ಕೆ ಬಂದುದು 1311ರಲ್ಲಿ. ಮೂರನೆಯ ವೀರಬಲ್ಲಾಳನು ಕಪ್ಪಕಾಣಿಕೆಗಳನ್ನು ಒಪ್ಪಿಸಿ ರಾಜ್ಯವನ್ನು ಉಳಿಸಿಕೊಂಡನು. 1327ರ ಸುಮಾರಿನಲ್ಲಿ ತೊಘಲಕನ ಸೈನ್ಯವು ಬಂದು ರಾಜಧಾನಿಯನ್ನು ಮತ್ತೆ ಧ್ವಂಸಮಾಡಿದ ಮೇಲೆ ಅರಸನು ತಿರುವಣ್ಣಾಮಲೆಯಲ್ಲಿ ನೆಲೆಸಿದನು. ದೋರಸಮುದ್ರವು ಮತ್ತೆ ರಾಜಧಾನಿಯಾಗಲಿಲ್ಲ. ಊರಿನ ಈಗಿನ ಹೆಸರೇ ಈ ಘಟನೆಯ ಶೇಷ, ಬೀಡು ಹಳೆಯದಾಯಿತು. ಆಟದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿಗೆ ಪ್ರಳಯವು ಮುಗಿದು ಪ್ರಳಯೋತ್ತರವು ಮೊದಲಾಗಬೇಕು. ಮೊದಲಾದುದೂ ಹೌದು. ಆದರೆ ಆ ಉತ್ತರಕಾಲದ ದಾಖಲೆಗಳು ಏನು ಹೇಳುತ್ತವೆ? ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ 1381ರಲ್ಲಿ ನವರಂಗಕ್ಕೆ ಆಸರೆಯಾಗಿ ನಾಲ್ಕು ಕಲ್ಲುಕಂಬಗಳನ್ನು ಸೇರಿಸಿದರು. 1387ರಲ್ಲಿ ಹೊಸ ಕಳಶವನ್ನಿಟ್ಟರು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ ಎರಡನೆಯ ಹರಿಹರನ ದಂಡನಾಯಕನಾದ ಗುಂಡನು ಮತ್ತೆ ಕಟ್ಟಿಸಿದನು. ಮೊದಲ ದಾಳಿಯಿಂದ ಇದಕ್ಕೆ 86 ವರ್ಷಗಳ ಅಂತರ. ಫಾಲ್‌ಔಟಿನ ನಾಯಕನು ವಾಲ್ಟಿನ ಬಾಗಿಲು ತೆರೆದು ಹೊರಬರುವುದಕ್ಕೆ ಆಗಿರುವ ಅಂತರ 84. ಕಾಲವು ಹೆಚ್ಚು ಕಡಮೆ ಒಂದೇ. ಒಂದು ಕಡೆ ಬಾಗಿಲು ತೆರೆಯುವ ಹೊತ್ತಿಗೆ ಇನ್ನೊಂದು ಕಡೆ ಬಾಗಿಲ ಮೇಲೆ ಗೋಪುರವೆದ್ದಿದೆ.

ಮೊದಲ ಆಟದ ಕರ್ತೃಗಳಿಗೆ ಈ ಕಾಲಪರಿಜ್ಞಾನವು ಸಾಕಷ್ಟಿತ್ತೆಂದು ಒಪ್ಪಬೇಕು. ಅವರ ಶೇಡಿ ಸ್ಯಾಂಡ್ಸ್ ಎಂಬ ಹಳ್ಳಿಯಲ್ಲಿ ಮಣ್ಣಿನ ಗೋಡೆಗಳಿವೆ, ಹೊಲಗಳಿವೆ, ಬಾವಿಯಿದೆ; 1998ರ ಎರಡನೆಯ ಆಟದಲ್ಲಿ ಆ ಹಳ್ಳಿಯೇ ಒಂದು ಗಣರಾಜ್ಯದ ರಾಜಧಾನಿಯಾಗಿ ಬೆಳೆದಿರುತ್ತದೆ. ಕೆಡುಕು ಕಾಣಿಸಿಕೊಂಡುದು ಆಮೇಲೆ. ಇಂಟರ್‌ಪ್ಲೇಯ ಸ್ಥಿತಿ ಹದಗೆಟ್ಟು, ಅದರ ಬ್ಲ್ಯಾಕ್ ಐಲ್ ಎಂಬ ಶಾಖೆಯು 2003ರಲ್ಲಿ ಮುಚ್ಚಿಹೋಯಿತು. ಅಲ್ಲಿ ಅರ್ಧ ಸಿದ್ಧವಾಗಿದ್ದ ಮೂರನೆಯ ಆಟವು ಅಲ್ಲಿಯೇ ನಿಂತಿತು. ಸರಣಿಯ ಹಕ್ಕುಗಳು 2007ರಲ್ಲಿ ಬೆಥೆಸ್ಡಾದ ಪಾಲಾದುವು. ಅವರು 2008ರಲ್ಲಿ ಹೊರತಂದ ಮೂರನೆಯ ಫಾಲ್‌ಔಟು ವಾಷಿಂಗ್‌ಟನ್ ನಗರದ ಅವಶೇಷಗಳಲ್ಲಿ, 2277ರಲ್ಲಿ ನಡೆಯುತ್ತದೆ. ಯುದ್ಧವಾಗಿ 200 ವರ್ಷಗಳು ಕಳೆದಿವೆ. ಆದರೂ ಬೀದಿಗಳಲ್ಲಿ ಅಸ್ಥಿಪಂಜರಗಳು ಬಿದ್ದಲ್ಲಿಯೇ ಬಿದ್ದಿವೆ. ಅಂಗಡಿಯ ಬಡುಗಳಲ್ಲಿ ಯುದ್ಧಪೂರ್ವದ ಡಬ್ಬದ ಆಹಾರವು ತಿನ್ನುವವರಿಗಾಗಿ ಕಾದಿದೆ. ಜನರು ವಾಸಿಸುವ ಮನೆಗಳಲ್ಲಿಯೇ ಇಟ್ಟಿಗೆಯ ರಾಶಿಯನ್ನು ಯಾರೂ ಗುಡಿಸಿಲ್ಲ.

ಇನ್ನೂರು ವರ್ಷವೆಂದರೆ ಎಷ್ಟು? ದೋರಸಮುದ್ರವು 1327ರಲ್ಲಿ ಬಿದ್ದಿತೆಂದು ಎಣಿಸಿದರೆ ಇನ್ನೂರು ವರ್ಷಗಳ ಮೇಲೆ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದನು. ಆ ನಡುವೆ ಒಂದು ಸಾಮ್ರಾಜ್ಯವು ಹುಟ್ಟಿ ಮೂರು ವಂಶಗಳನ್ನು ಕಂಡಿತ್ತು, ಕೆರೆಗಳು ಕಟ್ಟಲ್ಪಟ್ಟಿದ್ದುವು, ದೊಡ್ಡದೊಂದು ಸಾಹಿತ್ಯರಾಶಿ ಸೃಷ್ಟಿಯಾಗಿತ್ತು. ಗುಡಿಸದ ಇಟ್ಟಿಗೆಯ ರಾಶಿಯನ್ನು ನಾವು ಚಿತ್ರಕಾರರ ಅಲಕ್ಷ್ಯವೆನ್ನುವುದಿಲ್ಲ. ಅವರ ಶ್ರಮವು ಅಪಾರವಾದುದು, ಒಂದೊಂದು ತುಕ್ಕುಹಿಡಿದ ಡಬ್ಬವೂ ಮನಸ್ಸಿಟ್ಟು ಬರೆದುದು. ದೋಷವಿರುವುದು ಮೂಲ ಕಲ್ಪನೆಯಲ್ಲಿ. ಹಾಳು ಎಂಬುದನ್ನು ಅವರು ಒಂದು ದೃಶ್ಯವೆಂದು ಭಾವಿಸಿದ್ದಾರೆ, ಒಂದು ಕಾಲವೆಂದು ಭಾವಿಸಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಈ ಮೂರನೆಯ ಆಟದ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಹೇಳಿ 2008ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಸರಣಿಯ ಎರಡು ತಲೆಯ ದನಗಳಿಗೆ ‘ಬ್ರಾಹ್ಮಿನ್’ ಎಂದು ಹೆಸರಿರುವುದೇ ಕಾರಣವಿರಬೇಕೆಂದು ಪತ್ರಿಕೆಗಳು ಊಹಿಸಿದವು. ನಮಗೆ ಆ ಹೆಸರಿಗಿಂತ ಇನ್ನೊಂದು ಭಾರತೀಯ ಶಬ್ದದ ದುರುಪಯೋಗವು ಹೆಚ್ಚು ಖೇದಕರವೆಂದು ತೋರುತ್ತದೆ. ಆಟದಲ್ಲಿ ಆಟಗಾರನ ಪಾಪಪುಣ್ಯಗಳ ಲೆಕ್ಕಕ್ಕೆ ‘ಕರ್ಮ’ವೆಂದು ಹೆಸರು. ಊರಬಾಗಿಲಲ್ಲಿ ಬಾಯಾರಿ ಕುಳಿತ ಭಿಕ್ಷುಕನಿಗೆ ಶುದ್ಧವಾದ ನೀರು ಕೊಟ್ಟರೆ ಕರ್ಮದ ಅಂಕವು ಏರುತ್ತದೆ. ಮತ್ತೆ ಕೊಟ್ಟರೆ ಮತ್ತೆ ಏರುತ್ತದೆ. ಆತನ ಬಾಯಾರಿಕೆಯು ತೀರುವುದಿಲ್ಲ, ಆಟಗಾರನ ಪುಣ್ಯವೂ ಮುಗಿಯುವುದಿಲ್ಲ. ಕೊಲೆಗಡುಕನೊಬ್ಬನು ಸಾಕಷ್ಟು ನೀರಿನ ಸೀಸೆಗಳನ್ನು ಕೂಡಿಹಾಕಿಕೊಂಡರೆ ಸಂತನಾಗಬಲ್ಲನು. ಕುಂಬಾರರ ಬೀದಿಯಲ್ಲಿ ನೀರು ಕೊಟ್ಟವರಿಗೆ ಲೆಕ್ಕ ತೋರಿಸಿದವರು ಯಾರೂ ಇರಲಿಲ್ಲ. ರಾಜಾಜ್ಞೆಯನ್ನು ಮೀರಿದ ಭಯ ಮಾತ್ರ ಇದ್ದಿತು. ದಾನಕ್ಕೆ ಬೆಲೆ ಬರುವುದು ಆ ಭಯದಿಂದ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಒಂದು ರಾಜಧಾನಿಯ ಪತನಕ್ಕೂ ಪರಮಾಣು ಯುದ್ಧಕ್ಕೂ ಎಲ್ಲಿಯ ಹೋಲಿಕೆ? ದೋರಸಮುದ್ರವು ಬಿದ್ದಾಗ ಅರಸೀಕೆರೆಯ ನೆಲ ವಿಷವಾಗಲಿಲ್ಲ, ಮಳೆ ನಿಲ್ಲಲಿಲ್ಲ, ಬಿತ್ತನೆಯ ಬೀಜ ಉಳಿದಿತ್ತು. ಹಾಗಿರುವಾಗ ಬೇಲೂರಿನ ಗೋಪುರವನ್ನು ತೋರಿಸಿ ವಾಷಿಂಗ್‌ಟನ್ನಿನ ಹಾಳನ್ನು ಹಳಿಯುವುದು ಸರಿಯೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ತಮ್ಮ ಲೋಕದಲ್ಲಿ ಬೆಳೆ ಬೆಳೆಯುತ್ತದೆ, ದನಗಳಿವೆ, ವರ್ತಕರ ಸಾಲುಗಳು ಊರಿಂದೂರಿಗೆ ಹೋಗುತ್ತವೆ ಎಂದು ಆಟದ ಕರ್ತೃಗಳೇ ತೋರಿಸಿದ್ದಾರೆ. ಬೆಳೆಯೂ ವ್ಯಾಪಾರವೂ ಇರುವಲ್ಲಿ ತೆರಿಗೆಯಿರುತ್ತದೆ, ಜಗಳವಿರುತ್ತದೆ, ಒಪ್ಪಂದವಿರುತ್ತದೆ. ಇನ್ನೂರು ವರ್ಷವಾದರೂ ಪೊರಕೆ ಮಾತ್ರ ಇರುವುದಿಲ್ಲವೆಂದರೆ ನಂಬುವುದು ಕಷ್ಟ. ಇದೇ ಸರಣಿಯಲ್ಲಿ ಇದಕ್ಕೆ ಉತ್ತರವೂ ಇದೆ. ಬ್ಲ್ಯಾಕ್ ಐಲಿನ ಹಳಬರು ಕೆಲವರಿದ್ದ ಅಬ್ಸಿಡಿಯನ್ ಸಂಸ್ಥೆಯವರು ಸುಮಾರು 18 ತಿಂಗಳಲ್ಲಿ ಸಿದ್ಧಪಡಿಸಿ 2010ರಲ್ಲಿ ಹೊರತಂದ ‘ನ್ಯೂ ವೆಗಾಸ್’ನಲ್ಲಿ ಗಣರಾಜ್ಯಕ್ಕೆ ಸೈನ್ಯವೂ ಸುಂಕವೂ ಉಂಟು, ಹೂವರ್ ಅಣೆಕಟ್ಟು ಯಾರ ಕೈಗೆ ಸೇರಬೇಕೆಂಬುದೇ ಯುದ್ಧಕಾರಣ. ಅದರಲ್ಲಿ ಒಂದು ಸಣ್ಣ ಪ್ರಕರಣ ಬರುತ್ತದೆ: ಗಣರಾಜ್ಯದ ಗೇಣಿದಾರರ ಹೊಲಗಳಿಗೆ ಹೋಗಬೇಕಾದ ನೀರು ಪಕ್ಕದ ಬಡವರ ಕೇರಿಗೆ ಗುಟ್ಟಾಗಿ ತಿರುಗುತ್ತಿದೆ; ಅದನ್ನು ಪತ್ತೆಮಾಡಿದ ಆಟಗಾರನು ವರದಿ ಮಾಡಬೇಕೋ ಸುಮ್ಮನಿರಬೇಕೋ ತೀರ್ಮಾನಿಸಬೇಕು. ನಾಲೆಯ ಕೊನೆಯ ಜಮೀನಿನವರಿಗೆ ಈ ಪ್ರಕರಣದ ವ್ಯಾಖ್ಯಾನ ಬೇಕಾಗಿಲ್ಲ. ವರ್ಷಗಟ್ಟಲೆ ಕಾಲಾವಕಾಶವೂ ಅಪಾರ ಧನವೂ ಇದ್ದವರಿಗೆ ಹೊಳೆಯದುದು ಹದಿನೆಂಟು ತಿಂಗಳ ಅವಸರದವರಿಗೆ ಹೊಳೆಯಿತು.

ನಾಲ್ಕನೆಯ ಆಟದಲ್ಲಿ, 2015ರಲ್ಲಿ, ಬೆಥೆಸ್ಡಾದವರು ಊರು ಕಟ್ಟುವ ಅವಕಾಶವನ್ನು ಆಟಗಾರನಿಗೆ ಒದಗಿಸಿದರು. ಇದನ್ನು ಕೇಳಿ ನಾವು ಬಹಳ ಆಸೆಪಟ್ಟಿದ್ದೆವು. ಆದರೆ ಅಲ್ಲಿ ಗೋಡೆ ಎಬ್ಬಿಸುವವನು, ಬಾವಿ ತೋಡುವವನು, ಹಾಸಿಗೆ ಹಾಕುವವನು ಎಲ್ಲ ಆಟಗಾರನೊಬ್ಬನೇ. ಊರ ಜನ ಬೆಳೆ ಕೊಯ್ಯುತ್ತಾರೆ, ಕಾವಲು ನಿಲ್ಲುತ್ತಾರೆ, ರಾತ್ರಿ ಮಲಗುತ್ತಾರೆ. ಅವನು ಬಾರದಿದ್ದರೆ ಸೋರುವ ಮಾಡಿಗೆ ಒಂದು ಹಲಗೆಯನ್ನೂ ಹೊಡೆಯುವುದಿಲ್ಲ. ಏಳು ಗುಣಗಳ ಲೆಕ್ಕದಲ್ಲಿ ಕಂಡ ಕೊರತೆಯು ಇಲ್ಲಿ ಪೂರ್ಣಫಲ ಕೊಟ್ಟಿದೆ. ಗುಂಡ ದಂಡನಾಯಕನು ಗೋಪುರವನ್ನು ಕಟ್ಟಿಸಿದನೆಂದು ಶಾಸನ ಹೇಳುವಾಗ ‘ಕಟ್ಟಿಸಿದನು’ ಎಂಬ ಆ ಪ್ರೇರಣಾರ್ಥಕ ಕ್ರಿಯಾಪದದೊಳಗೆ ಎಷ್ಟು ಮಂದಿ ಕಲ್ಲುಕುಟಿಗರು, ಇಟ್ಟಿಗೆ ಸುಡುವವರು, ಗಾಡಿ ಹೊಡೆಯುವವರು ಅಡಗಿದ್ದಾರೆ! ಆಟದ ವ್ಯಾಕರಣದಲ್ಲಿ ‘ಕಟ್ಟಿದನು’ ಮಾತ್ರ ಉಂಟು.

ಇದು ಕೇವಲ ಆಟದ ಮಾತಲ್ಲವೆ, ಇತಿಹಾಸದ ಅಧ್ಯಾಪಕರಿಗೆ ಇದರಿಂದೇನು ಎಂದು ಕೇಳುವವರಿರಬಹುದು. ನಮ್ಮ ಉತ್ತರವಿಷ್ಟು. ಹಳೇಬೀಡಿಗೆ ಬರುವ ತರುಣರು ಈಗ ಹಾಳನ್ನು ನೋಡುವ ಕಣ್ಣನ್ನು ಮೊದಲೇ ಪಡೆದುಕೊಂಡು ಬರುತ್ತಾರೆ. ಹೊಯ್ಸಳೇಶ್ವರಕ್ಕೆ ಶಿಖರವಿಲ್ಲದುದನ್ನು ಕಂಡೊಡನೆ ದಾಳಿಯಲ್ಲಿ ಬಿದ್ದಿತೆಂದು ನಿಶ್ಚಯಿಸುತ್ತಾರೆ. ಸುಮಾರು 1121ರಲ್ಲಿ ಆರಂಭವಾದ ಆ ಗುಡಿಯ ಕೆಲಸವು ಪೂರ್ಣವಾಗಲೇ ಇಲ್ಲವೆಂಬ ವಿದ್ವಾಂಸರ ಮಾತನ್ನು ಕೇಳುವ ತಾಳ್ಮೆಯಿರುವುದಿಲ್ಲ. ಬೇಲೂರಿನ ಗರ್ಭಗೃಹದ ಮೇಲಿನ ಗೋಪುರವಂತೂ 19ನೆಯ ಶತಮಾನದಲ್ಲಿ, ಅದರ ಭಾರದಿಂದ ಗರ್ಭಗೃಹಕ್ಕೆ ಅಪಾಯವೆಂದು, ಕಾಪಾಡುವವರೇ ಇಳಿಸಿದುದು. ಆಟಗಳಲ್ಲಿ ಎಲ್ಲ ಹಾಳಿಗೂ ಒಂದೇ ದಿವಸ, ಒಂದೇ ಕಾರಣ. ಇಲ್ಲಿ ಒಂದೊಂದು ಕಲ್ಲಿಗೂ ಬೇರೆ ಬೇರೆ ತಾರೀಖು. ಈ ಗುಡಿಗಳು ಸೋಮನಾಥಪುರದೊಡನೆ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡುಗರ ಕುತೂಹಲವೂ ಹೆಚ್ಚಿರಬೇಕು. ಗುಡಿಯ ಆಚೆಗೆ ಇರುವ ಊರು, ಕೆರೆ, ಸಂತೆ ಅವರ ಚಿತ್ರಗಳಲ್ಲಿ ಬೀಳುವುದಿಲ್ಲ. ಬಿದ್ದರೂ ನೆಕ್ರೊಪೊಲಿಸ್ಸಿನ ನಿವಾಸಿಗಳಂತೆ, ಹಾಳಿನ ಅಲಂಕಾರವಾಗಿ ಬೀಳುತ್ತದೆ.

ಹಳೇಬೀಡಿನ ಉತ್ತರಕಥೆ ಹೇಗಿತ್ತೆಂಬುದನ್ನು ತಿಳಿಯಲು 1638ರ ಶಾಸನವೊಂದು ಸಾಕು. ರೈಸ್ ಅವರು ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಇದನ್ನು ಪ್ರಕಟಿಸಿದ್ದಾರೆ. ಗಂಗರಾಜನ ಮಗನಾದ ಬೊಪ್ಪನು 1133ರಲ್ಲಿ ಕಟ್ಟಿಸಿದ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬ ವೀರಶೈವರು ಲಿಂಗಮುದ್ರೆಯನ್ನೊತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವ್ಯಾಜ್ಯವು ಬೆಳೆಯಿತು. ಬೇಲೂರಿನ ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿ ಎರಡು ಪಕ್ಷದ ಪ್ರಮುಖರೂ ಕೂಡಿ ತೀರ್ಮಾನ ಮಾಡಿದರು: ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ತಮ್ಮ ಪೂಜೆ ಉತ್ಸವಾದಿಗಳನ್ನು ಪೂರ್ವದಂತೆ ನಡೆಸಿಕೊಳ್ಳತಕ್ಕದ್ದು. ಒಪ್ಪಂದವು ಸಮಾನವಾದುದೆಂದು ನಾವು ಹೇಳುವುದಿಲ್ಲ. ಯಾರ ಕೈ ಮೇಲಾಗಿತ್ತೆಂಬುದು ಅದರ ಕ್ರಮದಿಂದಲೇ ತಿಳಿಯುತ್ತದೆ. ಆದರೆ ಬೀಡು ಹಳೆಯದಾಗಿ ಮುನ್ನೂರು ವರ್ಷಗಳ ಮೇಲೆ, ಐನೂರು ವರ್ಷಗಳ ಹಿಂದಿನ ಕಂಬವೊಂದು ಯಾರದೆಂದು ಜನ ಜಗಳವಾಡಿ, ಕೂಡಿ ಕುಳಿತು, ಕಲ್ಲಿನಲ್ಲಿ ಬರೆಸಿದರು. ಪಾತ್ರಧಾರಣೆಯ ಆಟಕ್ಕೆ ಇದಕ್ಕಿಂತ ಕಠಿನವಾದ ಸಂದರ್ಭವನ್ನು ನಾವರಿಯೆವು. ಇಲ್ಲಿ ಬಂದೂಕಿನಿಂದ ಆಗತಕ್ಕದ್ದು ಏನೂ ಇಲ್ಲ.

ಫಾಲ್‌ಔಟು ಅಮೆರಿಕದ ನೆಲದಲ್ಲಿಯೇ ಇರುವುದು ತಮಗಿಷ್ಟವೆಂದು ಹೊವಾರ್ಡ್ ಅವರು 2024ರಲ್ಲಿ ಹೇಳಿದ್ದಾರೆ. ಅದು ನ್ಯಾಯವೇ, ಅವರ ಹಾಳು ಅವರದು. ಬರಲಿರುವ ಐದನೆಯ ಆಟದಲ್ಲಿ ನಾವು ಮೊದಲು ನೋಡುವುದು, ಅವರ ಜನ ತಮ್ಮ ಮನೆಯ ಕಸವನ್ನು ಗುಡಿಸಿದ್ದಾರೆಯೇ ಎಂಬುದನ್ನು. ನಮ್ಮ ಹಾಳನ್ನು ನಾವೇ ಆಟವಾಗಿ ಕಟ್ಟಲಾರೆವೇ ಎಂಬುದು ಬೇರೆ ಪ್ರಶ್ನೆ. ಫಾಲ್‌ಔಟು ಹೊರಬಂದ 1997ರಲ್ಲಿಯೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಸ್ಥಾಪಿಸಿದರು. ವಿದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವುದರಲ್ಲಿ ಹೆಸರಾದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯವರು ಕೊಂಡರು. ಕರ್ನಾಟಕ ಸರ್ಕಾರವು ಈ ಉದ್ಯಮಕ್ಕಾಗಿ 2012ರಲ್ಲಿಯೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಎಂದಮೇಲೆ ಕೈಗಳಿಗೆ ಕೊರತೆಯಿಲ್ಲ; ಪರರ ನಗರಗಳಿಗೆ ತುಕ್ಕನ್ನು ಬಳಿದ ಕೈಗಳು ಬಳಪದ ಕಲ್ಲನ್ನು ಬರೆಯಲಾರವೆಂದಲ್ಲ. ಕೊರತೆಯಿರುವುದು ಸಾಮಗ್ರಿಯನ್ನು ಅವರ ಕೈಗೆ ಕೊಡುವವರದು, ಎಂದರೆ ನಮ್ಮಂಥವರದು. ಶಾಸನಗಳಲ್ಲಿರುವ ಸುಂಕದ ಹೆಸರುಗಳು, ಕೆರೆಗೆ ಬಿಟ್ಟ ಮಾನ್ಯಗಳು, ಅಳತೆಗಳು, ದಂಡಗಳು, ಊರಿನ ಎಲ್ಲೆಗಳು ಇವನ್ನು ನಾವು ಪರೀಕ್ಷೆಯ ಪ್ರಶ್ನೆಗಳಿಗಾಗಿ ಮಾತ್ರ ಬಳಸುತ್ತಿದ್ದೇವೆ. ಅರಸೀಕೆರೆಯ ಹೆಸರಿನಲ್ಲಿಯೇ ಒಬ್ಬ ಅರಸಿಯೂ ಒಂದು ಕೆರೆಯೂ ಇವೆ. ಅಲ್ಲಿಯ ಈಶ್ವರ ದೇವಾಲಯ, ಸಹಸ್ರಕೂಟ ಬಸದಿಗಳು ಎರಡೂ ಸುಮಾರು 1220ರವು, ಪತನಕ್ಕೆ ನೂರು ವರ್ಷ ಮುಂಚಿನವು, ಪತನವಾದ ಮೇಲೂ ನಿಂತವು. ಆಟವೊಂದನ್ನು ಅಲ್ಲಿಂದ ಆರಂಭಿಸಬಹುದು. ಕಾಲ 1340ರ ಆಸುಪಾಸು. ಅರಸನು ತಿರುವಣ್ಣಾಮಲೆಯಲ್ಲಿ; ಇಲ್ಲಿ ಹೇಳುವವರು ಕೇಳುವವರು ಯಾರೆಂಬುದು ಸ್ಪಷ್ಟವಿಲ್ಲ. ದೋರಸಮುದ್ರದ ಕೆರೆಯ ತೂಬಿನ ಕಲ್ಲು ಜರುಗಿದೆ, ಮಳೆಗಾಲಕ್ಕೆ ಮೂರು ತಿಂಗಳಿದೆ. ಆಟಗಾರನ ಕೈಯಲ್ಲಿ ಕತ್ತಿಯಿಲ್ಲ. ಕೆರೆಯ ಕೆಲಸಕ್ಕೆ ಯಾವ ಊರಿನವರು ಎಷ್ಟು ಆಳು ಕಳುಹಿಸಬೇಕೆಂದು ಬರೆದ ಹಳೆಯ ಓಲೆಯೊಂದಿದೆ, ಆ ಊರುಗಳಲ್ಲಿ ಎರಡು ಈಗ ಒಂದರೊಡನೊಂದು ಮಾತನಾಡುವುದಿಲ್ಲ.